ಬೆಚ್ಚಿದ ಕುದುರೆ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿಯ ಬಳಿ ಕುಳಿತವರಿಗೆ ರಾಮಗಿರಿಯ ಬೆಟ್ಟ ಪರಿಚಿತವಾಗಿರಬಹುದು. ಊರು ದೊಡ್ಡದಲ್ಲ. ಹೊಳಲ್ಕೆರೆ ತಾಲ್ಲೂಕಿನ ಒಂದು ಹೋಬಳಿ, ಬೆಟ್ಟದ ಮೇಲೆ ಕರಿಸಿದ್ದೇಶ್ವರನ ಗುಡಿ, ಸುತ್ತ ರಾಗಿ ಜೋಳದ ಹೊಲಗಳು; ಇಷ್ಟೇ ಅದರ ವೈಭವ. ಇತಿಹಾಸದ ಪುಸ್ತಕಗಳಲ್ಲಿ ನಮ್ಮ ಜಿಲ್ಲೆಗೆ ಸಿಕ್ಕುವ ಪುಟಗಳೆಲ್ಲ ಚಿತ್ರದುರ್ಗದ ಏಳುಸುತ್ತಿನ ಕೋಟೆಗೇ ಮೀಸಲಾದುದರಿಂದ ರಾಮಗಿರಿಗೆ ಅಲ್ಲಿ ಒಂದು ಸಾಲು ಸಿಕ್ಕಿದರೂ ಹೆಚ್ಚು. ಆದರೂ ಕನ್ನಡನಾಡಿನ ಕುದುರೆಗಳ ವಿಷಯವಾಗಿ ನಾನು ಕಲಿತ ಮೊದಲ ಪಾಠ ರಾಮಗಿರಿಯದು. ಗ್ರಂಥಗಳ ಪಾಠ ಆಮೇಲೆ ಬಂದಿತು.

ಅಲ್ಲಿ ನಾವು ಕಂಬಳಿಯಜ್ಜ ಎಂದು ಕರೆಯುತ್ತಿದ್ದ ಮುದುಕರೊಬ್ಬರಿದ್ದರು. ಕಂಬಳಿಗಳನ್ನು ಕೊಂಡು ಸಂತೆಯಿಂದ ಸಂತೆಗೆ ಮಾರುವುದು ಅವರ ಕಸುಬು. ಬಸ್ಸು ಲಾರಿಗಳು ಬಂದು ಎಷ್ಟೋ ಕಾಲವಾಗಿದ್ದರೂ ಅವರು ಮಾತ್ರ ಕೆಂಪಿ ಎಂಬ ತಟ್ಟುವಿನ ಮೇಲೆಯೇ ತಿರುಗುತ್ತಿದ್ದರು. ಮುಂದೆ ಅಜ್ಜ, ಹಿಂದೆ ಕಂಬಳಿಯ ಗಂಟು. 1989ರ ದೀಪಾವಳಿಯ ದಿನ ಅಜ್ಜ ಬೆಟ್ಟದ ಬುಡದ ಕಟ್ಟೆಯ ಹತ್ತಿರ ಕುದುರೆ ಏರುತ್ತಿದ್ದಾಗ ಹಿಂದಿನಿಂದ ಯಾರೋ ಹುಡುಗ ಪಟಾಕಿಯ ಸರಕ್ಕೆ ಕಿಡಿ ತಾಗಿಸಿದ. ಕೆಂಪಿ ಮುಂಗಾಲೆತ್ತಿ ನಿಂತಿತು. ಅಜ್ಜ ಬಿದ್ದು ಅವರ ಬಲಗೈ ಮುಂಗೈಯ ಬಳಿ ಮುರಿಯಿತು. ಕುದುರೆ ಹೊಲಗಳನ್ನು ದಾಟಿ ಓಡಿಹೋಯಿತು. ಅದನ್ನು ಹಿಡಿದು ತಂದುದು ಮರುದಿನ ಮಧ್ಯಾಹ್ನ. ಆ ಹುಡುಗ ನಾನೇ. ಆಗ ನನಗೆ ಒಂಬತ್ತು ವರ್ಷ. ಈ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ, ಅಜ್ಜನಿಗೂ ಹೇಳಲಿಲ್ಲ.

ಅಂದಿನಿಂದ ಕೆಂಪಿ ಬೆನ್ನ ಮೇಲೆ ಜೀನು ಹಾಕಿಸಿಕೊಳ್ಳಲಿಲ್ಲ. ಜೀನನ್ನು ಕಂಡರೆ ಸಾಕು, ಕಿವಿಗಳನ್ನು ಹಿಂದಕ್ಕೆ ಮಡಿಸಿ, ಕಣ್ಣಿನ ಬಿಳಿ ತೋರಿಸಿ, ಗೂಟದ ಸುತ್ತ ತಿರುಗುತ್ತಿತ್ತು. ಊರಿನಲ್ಲಿ ಎರಡು ಪಕ್ಷಗಳಾದವು. ನಾಲ್ಕು ಬಾರಿಸಿದರೆ ತಾನಾಗಿ ದಾರಿಗೆ ಬರುತ್ತದೆ ಎಂಬುದು ಒಂದು ಪಕ್ಷ. ಕೆಟ್ಟ ಕುದುರೆಯನ್ನು ಇಟ್ಟುಕೊಳ್ಳಬಾರದು, ಬಂದಷ್ಟಕ್ಕೆ ಮಾರಿಬಿಡಬೇಕು ಎಂಬುದು ಇನ್ನೊಂದು. ಅಜ್ಜ ಎರಡನ್ನೂ ಕೇಳಿಸಿಕೊಂಡು ಸುಮ್ಮನಿದ್ದರು. ಅವರು ಮಾಡಿದುದೇನೆಂಬುದನ್ನು ಹೇಳುವ ಮೊದಲು ವಾಚಕರನ್ನು ಸ್ವಲ್ಪ ದೂರ ಕರೆದೊಯ್ಯಬೇಕಾಗಿದೆ. ಏಕೆಂದರೆ ರಾಮಗಿರಿಯ ಈ ಎರಡು ಪಕ್ಷಗಳು ಬಹಳ ಹಳೆಯವು. ಕುದುರೆಯನ್ನು ಏರಿದ ಜನಾಂಗಗಳೆಲ್ಲ ಈ ಪ್ರಶ್ನೆಯ ಮುಂದೆ ನಿಂತಿದ್ದಾರೆ.

ಮೊದಲು ಬೆಲೆಯ ಮಾತು. ದಕ್ಷಿಣ ದೇಶದ ಹವೆ ಕುದುರೆಯ ಸಂತಾನಕ್ಕೆ ಅಷ್ಟಾಗಿ ಒಗ್ಗಿದುದಲ್ಲ. ಒಳ್ಳೆಯ ಕುದುರೆಗಳು ಅರಬ್ಬಿ ಸಮುದ್ರವನ್ನು ದಾಟಿಯೇ ಬರಬೇಕಾಗಿತ್ತು. 13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಕರಾವಳಿಗೆ ಬಂದ ಮಾರ್ಕೊ ಪೋಲೊ, ಇಲ್ಲಿನ ಅರಸರು ಪ್ರತಿವರ್ಷ ಅಪಾರ ಹಣ ಸುರಿದು ಕುದುರೆ ಕೊಳ್ಳುವರೆಂದೂ, ಸರಿಯಾಗಿ ನೋಡಿಕೊಳ್ಳಬಲ್ಲವರಿಲ್ಲದೆ ಅವು ಬೇಗನೆ ಸಾಯುವುವೆಂದೂ ಬರೆದಿದ್ದಾನೆ. ವಿಜಯನಗರದ ಸಂಗತಿಯಂತೂ ಪ್ರಸಿದ್ಧವಾದುದು. 16ನೆಯ ಶತಮಾನದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಸಾಳುವ ನರಸಿಂಹನು ಹಡಗಿನಲ್ಲಿ ಬರುವಾಗ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತಂತೆ! ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೂ ಹಜಾರರಾಮನ ಗುಡಿಯ ಹೊರಗೋಡೆಯ ಮೇಲೂ ಕುದುರೆಗಳನ್ನು ನಡೆಸಿಕೊಂಡು ಹೋಗುವವರ ಸಾಲುಸಾಲು ಶಿಲ್ಪಗಳಿವೆ. ನಾವು ಅವುಗಳನ್ನು ಅಲಂಕಾರವೆಂದು ನೋಡಿ ಬರುತ್ತೇವೆ. ಆ ಸಾಲಿನಲ್ಲಿ ರಾಜ್ಯದ ಬೊಕ್ಕಸವೇ ನಡೆದು ಹೋಗುತ್ತಿದೆ ಎಂಬುದನ್ನು ಮರೆಯುತ್ತೇವೆ.

ಇಷ್ಟು ಬೆಲೆ ತೆತ್ತು ತಂದ ಪ್ರಾಣಿ ಒಂದು ದಿನ ಬೆಚ್ಚಿ ಸವಾರನನ್ನು ಕೆಡವಿ, ಮತ್ತೆ ಯಾರನ್ನೂ ಹತ್ತಗೊಡದಿದ್ದರೆ ಏನು ಮಾಡಬೇಕು? ಕೊಲ್ಲುವಂತಿಲ್ಲ, ಕಟ್ಟಿಹಾಕಿ ಹುರುಳಿ ತಿನ್ನಿಸುವಂತೆಯೂ ಇಲ್ಲ. ಅದರ ಭಯವನ್ನು ಬಿಡಿಸಲೇಬೇಕು. ಆದುದರಿಂದಲೇ ಕುದುರೆಯ ಮನಸ್ಸನ್ನು ತಿಳಿಯುವ ವಿದ್ಯೆ ನಮ್ಮಲ್ಲಿ ಶಾಸ್ತ್ರದ ಪದವಿಗೆ ಏರಿತು. ಶಾಲಿಹೋತ್ರನ ಹೆಸರಿನಿಂದ ಮೊದಲಾಗುವ ಆ ಪರಂಪರೆಗೆ ಕನ್ನಡನಾಡಿನ ಕಾಣಿಕೆ ಸಣ್ಣದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126-1138) ನೂರು ಅಧ್ಯಾಯಗಳ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಜಾತಿ, ಲಕ್ಷಣ, ಶಿಕ್ಷಣ, ಸವಾರಿಯ ವಿನೋದ ಇವನ್ನೆಲ್ಲ ವಿವರಿಸಿದ್ದಾನೆ. ಸುಮಾರು 1400ರ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದ. 17ನೆಯ ಶತಮಾನದ ಮೈಸೂರಿನಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ, ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ ಹುಟ್ಟಿತು. ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ (1709) ಕೂಡ ಕುದುರೆಯನ್ನು ಮರೆತಿಲ್ಲ. ದೊರೆಗಳು ಕಾವ್ಯಕ್ಕೆ ಕೊಟ್ಟಂತೆ ಲಾಯಕ್ಕೂ ಲೇಖನಿಯನ್ನು ಕೊಟ್ಟರು ಎನ್ನಬಹುದು.

ಈ ಪರಂಪರೆಯ ಸಂಸ್ಕೃತ ಗ್ರಂಥಗಳಲ್ಲಿ ಚಾವಟಿಗೆ ಸ್ಥಾನವಿಲ್ಲವೆಂದು ನಾನು ಹೇಳಿದರೆ ಅದು ಸುಳ್ಳಾದೀತು. ಯಾವ ತಪ್ಪಿಗೆ ಮೈಯ ಯಾವ ಭಾಗದಲ್ಲಿ ಹೊಡೆಯಬೇಕು ಎಂಬ ಪಟ್ಟಿಯೇ ಅಲ್ಲಿದೆ. ಆದರೆ ಅದರ ಜತೆಗೇ ಒಂದು ಎಚ್ಚರಿಕೆಯೂ ಇದೆ: ತಪ್ಪಾದ ಕಡೆ ಹೊಡೆದರೆ ಕುದುರೆಗೆ ದೋಷಗಳು ಅಂಟಿಕೊಳ್ಳುತ್ತವೆ, ಅವು ಅದರ ಆಯುಸ್ಸು ಇರುವವರೆಗೂ ಬಿಡುವುದಿಲ್ಲ ಎಂದು ಶುಕ್ರನೀತಿಯ ಅಭಿಪ್ರಾಯ. ಎಂದರೆ ಕುದುರೆಯ ಕೆಟ್ಟತನಕ್ಕೆ ಸವಾರನ ಕೈಯೂ ಕಾರಣವಾಗಬಲ್ಲದು ಎಂದು ಆ ಶಾಸ್ತ್ರಕಾರರು ಒಪ್ಪಿಕೊಂಡ ಹಾಗಾಯಿತು. ಶಿಕ್ಷೆಯ ಪಟ್ಟಿಯನ್ನು ಬರೆದವರಿಂದಲೇ ಈ ಮಾತು ಬಂದುದರಿಂದ ಅದಕ್ಕೆ ಹೆಚ್ಚು ತೂಕ.

ಇದೇ ಪ್ರಶ್ನೆಯನ್ನು ಗ್ರೀಕರು ಇನ್ನೂ ಹಿಂದೆಯೇ ಎತ್ತಿಕೊಂಡಿದ್ದರು. ಕ್ರಿ.ಪೂ. 4ನೆಯ ಶತಮಾನದಲ್ಲಿದ್ದ ಅಥೆನ್ಸಿನ ಕ್ಸೆನೊಫನ್ ಸೈನ್ಯಾಧಿಕಾರಿ, ಸಾಕ್ರೆಟೀಸನ ಶಿಷ್ಯ. ಕುದುರೆ ಸವಾರಿಯನ್ನು ಕುರಿತ ಅವನ ಕಿರುಗ್ರಂಥ ಇಂದಿಗೂ ಉಳಿದಿದೆ. ಕುದುರೆಯ ಹತ್ತಿರ ಎಂದಿಗೂ ಸಿಟ್ಟಿನಿಂದ ಹೋಗಬಾರದು ಎಂಬುದು ಅವನ ಮುಖ್ಯ ಸೂತ್ರ. ಕುದುರೆ ಯಾವುದಾದರೂ ವಸ್ತುವನ್ನು ಕಂಡು ಹೆದರಿದರೆ, ಸವಾರನು ಮೊದಲು ತಾನೇ ಆ ವಸ್ತುವನ್ನು ಮುಟ್ಟಿ ತೋರಿಸಿ, ಅನಂತರ ಕುದುರೆಯನ್ನು ಮೆಲ್ಲಗೆ ಅದರ ಹತ್ತಿರಕ್ಕೆ ನಡೆಸಬೇಕು. ಹೊಡೆದು ನೂಕಿದರೆ ಭಯ ಇಮ್ಮಡಿಯಾಗುತ್ತದೆ, ಏಕೆಂದರೆ ತನಗಾದ ನೋವಿಗೂ ಆ ವಸ್ತುವೇ ಕಾರಣವೆಂದು ಕುದುರೆ ತಿಳಿಯುತ್ತದೆ ಎನ್ನುತ್ತಾನೆ. ಇಪ್ಪತ್ತಮೂರು ಶತಮಾನಗಳ ಹಿಂದಿನ ಈ ಮಾತಿಗೆ ಇಂದಿನ ಪ್ರಾಣಿಶಾಸ್ತ್ರಜ್ಞರು ತಿದ್ದಬೇಕಾದುದು ಹೆಚ್ಚೇನೂ ಇಲ್ಲ. ಅಲೆಗ್ಸಾಂಡರನ ಕಥೆಯೂ ಇಲ್ಲಿಗೆ ಸಲ್ಲುತ್ತದೆ. ಯಾರಿಗೂ ಬಗ್ಗದ ಬುಸೆಫಲಸ್ ಎಂಬ ಕುದುರೆ ತನ್ನ ನೆರಳಿಗೇ ಬೆಚ್ಚುತ್ತಿದೆಯೆಂದು ಆ ಹುಡುಗ ಕಂಡುಕೊಂಡು, ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿ, ಮೈದಡವಿ, ಆಮೇಲೆ ಏರಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಸುತ್ತ ನಿಂತ ಪಳಗಿದ ಸವಾರರೆಲ್ಲ ಕುದುರೆಯ ಪೊಗರನ್ನು ನೋಡುತ್ತಿದ್ದಾಗ ಹುಡುಗ ನೋಡಿದ್ದು ಅದರ ಭಯವನ್ನು. ದೊಡ್ಡವನಾದ ಮೇಲೆ ಅವನು ಗೆದ್ದ ರಾಜ್ಯಗಳಿಗಿಂತ ಆ ನೋಟವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕುದುರೆ ಹೇಡಿಯಲ್ಲ, ಅದರ ದೇಹವೇ ಹಾಗೆ ರಚಿತವಾಗಿದೆ. ಹುಲ್ಲು ಮೇಯುವ ಪ್ರಾಣಿಗೆ ಕೋಡಿಲ್ಲ, ಕೋರೆಹಲ್ಲಿಲ್ಲ. ಓಟವೇ ಅದರ ರಕ್ಷೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ತಲೆ ತಿರುಗಿಸದೆಯೇ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ಸುತ್ತು ಕಾಣುತ್ತದೆ. ಕಾಣದಿರುವುದು ಮೂಗಿನ ನೇರ ಮುಂದಿನ ಸ್ವಲ್ಪ ಜಾಗ, ಮತ್ತು ಬಾಲದ ನೇರ ಹಿಂದೆ. ಕುದುರೆಯ ಹಿಂದೆ ನಿಲ್ಲಬಾರದೆಂದು ಹಿರಿಯರು ಹೇಳಿದ್ದು ಇದರಿಂದಲೇ. ಅಂಥ ಪ್ರಾಣಿ, ಹಿಂದಿನಿಂದ ಬೇಟೆಯ ಮೃಗ ಹಾರಿ ಕೂರುವ ಅದೇ ಜಾಗದಲ್ಲಿ, ಎಂದರೆ ಬೆನ್ನ ಮೇಲೆ, ಮನುಷ್ಯನನ್ನು ಕೂರಿಸಿಕೊಳ್ಳುತ್ತದೆ. ಯೋಚಿಸಿ ನೋಡಿದರೆ ಇದು ಪ್ರಕೃತಿಗೇ ವಿರುದ್ಧವಾದ ಒಂದು ನಂಬಿಕೆ. ಅದು ಮುರಿದರೆ ಸುಲಭವಾಗಿ ಕೂಡದಿರುವುದರಲ್ಲಿ ಆಶ್ಚರ್ಯವೇನಿದೆ?

ಭಾಷೆಯ ಮೇಷ್ಟರಾದುದರಿಂದ ಒಂದೆರಡು ಶಬ್ದಗಳ ಮಾತನ್ನೂ ಆಡಿಬಿಡುತ್ತೇನೆ, ವಾಚಕರು ಕ್ಷಮಿಸಬೇಕು. ಲಗಾಮು, ಜೀನು, ರಿಕಾಪು ಇವು ಪಾರಸಿಯಿಂದ ಬಂದವು. ಅದಕ್ಕೂ ಹಿಂದಿನಿಂದ ನಮ್ಮಲ್ಲಿ ಕಡಿವಾಣವಿತ್ತು, ವಾಘೆಯಿತ್ತು, ಹಲ್ಲಣವಿತ್ತು. ಮಾನಸೋಲ್ಲಾಸದ ‘ವಾಹ್ಯಾಳಿ’ ಕನ್ನಡದಲ್ಲಿ ವೈಹಾಳಿಯಾಗಿ, ವಯ್ಯಾಳಿಯಾಗಿ ಬಳಕೆಗೆ ಬಂತು. ಕುದುರೆಯ ಭಯಕ್ಕೆ ನಮ್ಮವರು ಬಳಸುವ ಶಬ್ದ ‘ಬೆಚ್ಚು’. ಹಳಗನ್ನಡದಲ್ಲಿ ಅದು ‘ಬೆರ್ಚು’. ಹೊಲದ ಬೆರ್ಚಪ್ಪನೂ ಅದರಿಂದಲೇ ಹುಟ್ಟಿದವನು. ಬೆರ್ಚಪ್ಪನಲ್ಲಿ ಜೀವವಿಲ್ಲ, ಕೈಯಲ್ಲಿ ಕತ್ತಿಯಿಲ್ಲ. ಆದರೂ ಹಕ್ಕಿಗೆ ಅವನು ನಿಜ. ಬೆಚ್ಚುವವರಿಗೆಲ್ಲ ಭಯದ ವಸ್ತು ನಿಜವೇ. ಇನ್ನು ಕಾಡುಪ್ರಾಣಿಯನ್ನು ನಾವು ‘ಪಳಗಿಸುತ್ತೇವೆ’. ಪಳಗು ಎಂದರೆ ರೂಢಿಯಾಗು, ಪರಿಚಯವಾಗು ಎಂದರ್ಥ. ಇಂಗ್ಲಿಷರಾದರೋ ಇದೇ ಕೆಲಸಕ್ಕೆ ಕುದುರೆಯನ್ನು ‘ಮುರಿಯುವುದು’ ಎನ್ನುತ್ತಾರೆ. ನಮ್ಮ ರಾವುತರೆಲ್ಲ ದಯಾಳುಗಳಾಗಿದ್ದರೆಂದು ಈ ಒಂದು ಶಬ್ದದ ಬಲದಿಂದ ವಾದಿಸುವಷ್ಟು ಧೈರ್ಯ ನನಗಿಲ್ಲ. ಆದರೆ ಶಬ್ದವನ್ನು ಮಾಡಿದವನು ಒಳ್ಳೆಯ ಸವಾರನಾಗಿದ್ದನೆಂದು ಮಾತ್ರ ಹೇಳಬಲ್ಲೆ.

ಪಳಗಿಸುವ ಈ ವಿದ್ಯೆ ಪುಸ್ತಕದಲ್ಲಿಯೇ ಉಳಿಯಲಿಲ್ಲ. ನಮ್ಮ ಬಯಲುಸೀಮೆ ಕುದುರೆಯ ಗೊರಸಿನ ಸದ್ದನ್ನು ಬಹಳ ಕೇಳಿದ ನೆಲ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಹಿಡಿಯುವವರೆಗೆ ದುರ್ಗದವರ, ಮರಾಠರ, ಮೈಸೂರಿನವರ ದಂಡುಗಳು ಇಲ್ಲಿ ಹಾದುಹೋದವು. ಟಿಪ್ಪುವಿನ ಕಾಲದಲ್ಲಿ ಕುಣಿಗಲ್ಲಿನಲ್ಲಿ ದಂಡಿಗಾಗಿ ಕುದುರೆಗಳನ್ನು ಸಾಕುತ್ತಿದ್ದರು. 1799ರ ಅನಂತರ ಮೈಸೂರಿನ ಸಿಲ್ಲೇದಾರರು ಪ್ರಸಿದ್ಧರಾದರು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಸವಾರರನ್ನು ಇಟ್ಟಿರಬೇಕಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರದ ಪಡೆಯೊಂದಿಗೆ ಹೈಫಾ ಪಟ್ಟಣವನ್ನು ಹಿಡಿಯಿತು. ಎದುರಿಗೆ ಮೆಷಿನ್‌ಗನ್ನುಗಳೂ ಫಿರಂಗಿಗಳೂ ಇದ್ದವು. ಸವಾರರ ಶೌರ್ಯವನ್ನು ನಾವು ಹಾಡಿ ಹೊಗಳುತ್ತೇವೆ, ಅದು ನ್ಯಾಯವೇ. ಆದರೆ ಗುಂಡಿನ ಸದ್ದಿಗೆ ಓಡಿಹೋಗುವುದೇ ಜಾತಿಧರ್ಮವಾದ ಪ್ರಾಣಿ ಆ ಸದ್ದಿನ ಕಡೆಗೇ ಓಡಿತಲ್ಲ, ಅದರ ಹಿಂದೆ ಎಷ್ಟು ದಿನಗಳ ತಾಲೀಮು, ಎಷ್ಟು ಜನ ಹೆಸರಿಲ್ಲದ ಕುದುರೆಯಾಳುಗಳ ತಾಳ್ಮೆ ಇದ್ದಿರಬೇಕು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ.

ಆ ತಾಲೀಮಿನ ಒಂದು ತುಣುಕನ್ನು ನೋಡಬೇಕೆನ್ನುವವರು ಇಂದಿಗೂ ದಸರೆಗೆ ಮೊದಲು ಮೈಸೂರಿಗೆ ಹೋಗಬಹುದು. ವಿಜಯದಶಮಿಯಂದು ಇಪ್ಪತ್ತೊಂದು ಕುಶಾಲತೋಪು ಹಾರುವಾಗ ಮೆರವಣಿಗೆಯ ಆನೆಗಳೂ ಅಶ್ವಾರೋಹಿ ಪೊಲೀಸರ ಕುದುರೆಗಳೂ ಬೆಚ್ಚಬಾರದಷ್ಟೆ. ಅದಕ್ಕಾಗಿ ಹಬ್ಬಕ್ಕೆ ಮೊದಲೇ ಅರಮನೆಯ ಬಳಿ ಅವುಗಳನ್ನು ಸಾಲಾಗಿ ನಿಲ್ಲಿಸಿ, ಏಳು ಫಿರಂಗಿಗಳಿಂದ ಮೂರು ಮೂರು ಸುತ್ತು ಸಿಡಿಸುತ್ತಾರೆ. ಮೊದಲ ದಿನ ಹೊಸ ಪ್ರಾಣಿಗಳು ಗಾಬರಿಯಾಗುತ್ತವೆ. ಮಾವುತರು ಆನೆಯ ಪಕ್ಕದಲ್ಲಿ, ಸವಾರರು ಕುದುರೆಯ ಮೇಲೆ ಇದ್ದು ಸಮಾಧಾನಪಡಿಸುತ್ತಾರೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಸದ್ದು. ಹಳೆಯ ಪ್ರಾಣಿಗಳು ಅಲುಗದೆ ನಿಂತುದನ್ನು ಕಂಡು ಹೊಸವೂ ನಿಲ್ಲಲು ಕಲಿಯುತ್ತವೆ. ಸದ್ದಾಯಿತು, ಏನೂ ಕೆಡುಕಾಗಲಿಲ್ಲ; ಮತ್ತೆ ಸದ್ದಾಯಿತು, ಆಗಲೂ ಏನೂ ಆಗಲಿಲ್ಲ. ಈ ವಿದ್ಯೆಯ ಸಾರವೆಲ್ಲ ಇಷ್ಟೆ.

ಈಗ ರಾಮಗಿರಿಗೆ ಹಿಂದಿರುಗೋಣ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಜ್ಜ ಮೊದಲು ಮಾಡಿದ ಕೆಲಸ ಕೆಂಪಿಯ ಮೈಯನ್ನು ಅಂಗುಲ ಅಂಗುಲವಾಗಿ ಎಡಗೈಯಿಂದ ತಡವಿ ನೋಡಿದ್ದು. ಭುಜದ ಹಿಂದೆ, ಜೀನು ಒತ್ತುವ ಕಡೆ, ಒಂದು ಹುಣ್ಣು ಸಿಕ್ಕಿತು. “ಹೆದ್ರಿಕೆ ಆಮೇಲೆ ನೋಡಾನ, ಮೊದ್ಲು ನೋವು ಹೋಗ್ಲಿ” ಎಂದರು. ಅರಿಸಿನ, ಬೇವಿನೆಣ್ಣೆ ಹಚ್ಚಿದರು. ಹುಣ್ಣು ಮಾಯುವವರೆಗೆ ಜೀನನ್ನು ಅದರ ಕಣ್ಣಿಗೂ ಬೀಳಗೊಡಲಿಲ್ಲ. ಇಂದು ಬೆದರಿದ ಕುದುರೆಯನ್ನು ಪಶುವೈದ್ಯರ ಬಳಿಗೆ ಕರೆದೊಯ್ದರೆ ಅವರು ಮೊದಲು ನೋಡುವುದೂ ಬೆನ್ನನ್ನು, ಬಾಯನ್ನು, ಕಾಲನ್ನು. ನೋವಿಗೂ ಮೊಂಡುತನಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ.

ಅನಂತರ ಹಗ್ಗ ಹಿಡಿದು ದಿನವೂ ಕಟ್ಟೆಯ ಕಡೆಗೆ ನಡೆಸಿಕೊಂಡು ಹೋಗತೊಡಗಿದರು. ಕಟ್ಟೆ ಕಂಡೊಡನೆ ಕೆಂಪಿ ನಿಲ್ಲುತ್ತಿತ್ತು. ಅಜ್ಜ ಎಳೆಯುತ್ತಿರಲಿಲ್ಲ, ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಕುದುರೆ ತಲೆ ತಗ್ಗಿಸಿ ಉಸಿರುಬಿಟ್ಟು ಹುಲ್ಲಿಗೆ ಬಾಯಿ ಹಾಕಿದ ಮೇಲೆ, “ಸಾಕು ಇವತ್ತಿಗೆ” ಎಂದು ಮನೆಗೆ ತಿರುಗುತ್ತಿದ್ದರು. ಮರುದಿನ ಎರಡು ಹೆಜ್ಜೆ ಮುಂದೆ. ಹಿಂದಿರುಗುವುದು ಎಂದೂ ಭಯದಲ್ಲಿ ಆಗಬಾರದು, ಸಮಾಧಾನದಲ್ಲಿಯೇ ಆಗಬೇಕು ಎಂಬುದು ಅವರ ಲೆಕ್ಕ. ಹದಿನೈದು ದಿನಗಳಲ್ಲಿ ಕಟ್ಟೆಯನ್ನು ದಾಟಿದರು. ಆಮೇಲೆ ಬೆನ್ನ ಮೇಲೆ ಮಡಿಸಿದ ಒಂದು ಕಂಬಳಿ. ಕುದುರೆ ಅದನ್ನು ಒದರುವ ಮೊದಲೇ ತೆಗೆಯುವುದು. ಆಮೇಲೆ ಎರಡು ಕಂಬಳಿ, ಹೊಟ್ಟೆಪಟ್ಟಿ, ಬರಿಯ ಜೀನು, ಅದರ ಮೇಲೆ ಅರ್ಧ ಚೀಲ ರಾಗಿ.

ಒಂದು ಸಂಜೆ ನಾನು ಬೇಲಿಯ ಸಂದಿಯಿಂದ ನೋಡುತ್ತಿದ್ದೆ. ಅಜ್ಜ ತಿರುಗಿಯೂ ನೋಡದೆ, “ಬಾರಪ್ಪ ಮಗ, ಒಳಕ್ಕೆ ಬಾ” ಎಂದರು. ಹೋದೆ. ಹುರುಳಿಯ ಬೋಗುಣಿಯನ್ನು ನನ್ನ ಕೈಗೆ ಕೊಟ್ಟರು. ನನ್ನ ದನಿ ಕೇಳಿದೊಡನೆ ಕೆಂಪಿಯ ಕಿವಿ ಹಿಂದಕ್ಕೆ ಮಡಿಯಿತು. ನನ್ನ ಕಾಲು ನಡುಗಿತು. “ಅಜ್ಜಾ, ನಿಮಗೆ ಯಾರು ಹೇಳಿದ್ರು?” ಎಂದೆ.

“ಯಾರ್ ಹೇಳ್ಬೇಕು? ಅದೇ ಹೇಳ್ತು” ಎಂದು ಕುದುರೆಯ ಕಿವಿಯನ್ನು ತೋರಿಸಿದರು. “ಎರಡು ತಿಂಗಳಿಂದ ನಿನ್ನ ದನಿ ಬಂದಾಗೆಲ್ಲ ಹಿಂಗೇ ಮಾಡ್ತೈತೆ. ನಾನು ಎಷ್ಟು ಮಾಡಿದ್ರೂ ಈ ಒಂದು ಹೆದ್ರಿಕೆ ನನ್ನ ಕೈಲಿ ಬಿಡ್ಸಾಕೆ ಆಗಲ್ಲ. ಅದನ್ನ ನೀನೇ ಬಿಡಿಸ್ಬೇಕು.”

ಬೈಗುಳವಿಲ್ಲ, ಶಿಕ್ಷೆಯಿಲ್ಲ. ಅಂದಿನಿಂದ ದಿನವೂ ಶಾಲೆ ಬಿಟ್ಟ ಮೇಲೆ ಬೋಗುಣಿ ಹಿಡಿದು ನಿಲ್ಲುವುದು ನನ್ನ ಕೆಲಸವಾಯಿತು. ಮೊದಲು ದೂರದಲ್ಲಿ ಒಣಕಡ್ಡಿ ಮುರಿದು ಸದ್ದು ಮಾಡಿಸಿದರು. ಅನಂತರ ಎರಡು ತೆಂಗಿನ ಚಿಪ್ಪು ಬಡಿಸಿದರು. ಪ್ರತಿ ಸದ್ದಿನ ಬೆನ್ನಿಗೂ ಒಂದು ಹಿಡಿ ಹುರುಳಿ. ಕೆಂಪಿ ನನ್ನ ಅಂಗೈಯಿಂದ ತಿಂದ ದಿನ ನನಗೆ ಏಕೋ ಅಳು ಬಂತು. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಅಜ್ಜ ಹಗ್ಗ ಹಿಡಿದು ನಿಂತು, ನನ್ನನ್ನು ಮೇಲೇರುವಂತೆ ಹೇಳಿದರು. ನಾನು ಹಿಂಜರಿದೆ. “ನೀನು ಹೆದ್ರಿದ್ರೆ ಅದಕ್ಕೆ ತಿಳೀತೈತೆ. ಉಸ್ರು ಬಿಟ್ಟು ಕೂತ್ಕೋ” ಎಂದರು. ಕುಳಿತೆ. ಕೆಂಪಿಯ ಬೆನ್ನು ನನ್ನ ತೊಡೆಯ ಕೆಳಗೆ ಒಮ್ಮೆ ಸಣ್ಣಗೆ ನಡುಗಿ ನಿಂತಿತು. ಹತ್ತು ಹೆಜ್ಜೆ ನಡೆಯಿತು. ಅಜ್ಜ ನನ್ನನ್ನು ಇಳಿಸಿ, ಅದರ ಕತ್ತು ತಟ್ಟಿ, “ಸಾಕು ಇವತ್ತಿಗೆ” ಎಂದರು.

ಸಂಕ್ರಾಂತಿ ಕಳೆದ ಮೇಲಿನ ಸಂತೆಗೆ ಅವರು ಮೊದಲಿನಂತೆಯೇ ಕೆಂಪಿಯ ಮೇಲೆ ಹೋದರು. ಹಿಂದೆ ಕಂಬಳಿಯ ಗಂಟು. ಅಜ್ಜನೂ ಇಂದಿಲ್ಲ, ಕುದುರೆಯೂ ಇಲ್ಲ. ರಾಮಗಿರಿಯಲ್ಲಿ ಇಂದು ಕುದುರೆ ಕಟ್ಟುವವರು ಯಾರೂ ಇಲ್ಲ. ಸೋಮೇಶ್ವರನನ್ನೋ ಕ್ಸೆನೊಫನ್ನನನ್ನೋ ಓದುವಾಗ ಅವರು ಹೇಳುವುದು ನನಗೆ ಹೊಸದಾಗಿ ತೋರದಿರುವುದು ಆ ಮುದುಕರಿಂದಾಗಿ. ಅವರಿಗೆ ಓದು ಬರುತ್ತಿರಲಿಲ್ಲ. ತರಗತಿಯಲ್ಲಿ ಯಾರಾದರೂ ಹುಡುಗ ಒಮ್ಮೆ ನಗೆಪಾಟಲಾಗಿ ಮತ್ತೆ ಬಾಯಿಬಿಡದೆ ಕುಳಿತುಬಿಟ್ಟರೆ, ಅವನನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳುವ ಮೊದಲು ನನಗೆ ಆ ಕಟ್ಟೆಯ ಪಕ್ಕದ ಕಲ್ಲು ನೆನಪಾಗುತ್ತದೆ. ನಾನೂ ಅಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತೇನೆ.